ಸಿಂಗಾರಿಗೆ ಆಪ್ರೇಷನ್ ಮಾಡಿಸಿದ್ದು

ಊಟ ಮುಗಿಯುವ ಹೊತ್ತಿಗೆ ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಉಳಿಸುವುದು ನನ್ನ ಅಭ್ಯಾಸ. ಅನ್ನವೋ, ಮುದ್ದೆಯೋ, ಚಪಾತಿಯ ಚೂರೋ, ಏನಾದರೂ ಸರಿ, ಒಂದಿಷ್ಟು ಉಳಿಯಲೇಬೇಕು. ಮದುವೆ ಮನೆಗಳಲ್ಲಿ ಇದರಿಂದ ಪೇಚಾಟ. ಬಡಿಸುವವರು ಬಂದು, "ಯಾಕಮ್ಮಾ, ಚೆನ್ನಾಗಿಲ್ವಾ?" ಎನ್ನುತ್ತಾರೆ. ಚೆನ್ನಾಗಿದೆ ಎಂದರೆ, "ಮತ್ತೆ ಬಿಟ್ಟಿದ್ದೀರಲ್ಲ?" ಎನ್ನುತ್ತಾರೆ. ಅದು ನಾಯಿಗೆ ಎಂದು ಒಮ್ಮೆ ನಿಜ ಹೇಳಿ, ಅಡುಗೆಯವರು ಇಡೀ ಪಂಕ್ತಿಗೆ ಕೇಳುವಂತೆ ಗೊಣಗಿದ ಮೇಲೆ ಬುದ್ಧಿ ಬಂತು. ಈಗ ಸುಮ್ಮನೆ ಹೊಟ್ಟೆ ಮುಟ್ಟಿ ತೋರಿಸಿ ಎದ್ದುಬಿಡುತ್ತೇನೆ.

ನಮ್ಮ ಮನೆಯಲ್ಲಿ ಈಗ ನಾಯಿಯಿಲ್ಲ, ಅಭ್ಯಾಸ ಮಾತ್ರ ಇದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಗೋಡೆಯಾಚೆಯಿಂದ, "ಆಂಟಿ, ನಮ್ಮ ನಾಯಿಗೆ ಆಪರೇಷನ್ ಮಾಡಿಸೋದಾ ಬೇಡ್ವಾ? ನೀವು ಸಾಕಿದ್ದೋರು, ಹೇಳಿ" ಎಂದಳು. ಹೂಂ ಎಂದೋ ಬೇಡವೆಂದೋ ಹೇಳಿದ್ದರೆ ಮುಗಿಯುತ್ತಿತ್ತು. ನಾನು ನಮ್ಮತ್ತೆಯ ಕಥೆ ಶುರು ಮಾಡಿದೆ. ಅವಳಿಗೆ ಆಫೀಸಿಗೆ ಹೊತ್ತಾಗಿತ್ತು, ಹೊರಟುಹೋದಳು. ಕಥೆ ನನ್ನ ಬಾಯಲ್ಲೇ ಉಳಿಯಿತು. ನಿಮಗೆ ಪುರುಸೊತ್ತಿದ್ದರೆ ನೀವಾದರೂ ಕೇಳಿ.

ನಾನು ಕೊಳ್ಳೇಗಾಲದ ಪೇಟೆಯಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ರಾಗಿ ಮಿಲ್ಲಿನಿಂದ ಹಿಟ್ಟಿನ ಡಬ್ಬ ಹೊತ್ತು ಬರುವಾಗ ಬೀದಿನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಂಡ ನೋವಿಗಿಂತ, ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಿಳಿ ದೆವ್ವದ ಹಾಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಅವಮಾನ ಹೆಚ್ಚು ನೆನಪಿದೆ. ಅವತ್ತಿನಿಂದ ನಾಯಿ ಎಂದರೆ ನನಗೆ ಜೀವಭಯ. ಮದುವೆ ಮಾತುಕತೆಯಲ್ಲಿ ಮನೆಯವರೆಲ್ಲ ಹೊಲ, ನೀರು, ದನ ಎಂದು ವಿಚಾರಿಸುತ್ತಿದ್ದರೆ ನಾನು ತಂದೆಯ ಕಿವಿಯಲ್ಲಿ ಉಸುರಿ ಕೇಳಿಸಿದ್ದು ಒಂದೇ ಪ್ರಶ್ನೆ: ಆ ಮನೆಯಲ್ಲಿ ನಾಯಿ ಇದೆಯೇ? ಸಂಬಂಧ ತಂದಿದ್ದ ಮುದುಕರು, "ಎಲ್ಲಿ ನಾಯಿ? ದನ ಅವ, ಅಷ್ಟೆ ಕಣವ್ವ" ಎಂದು ಕೈ ಆಡಿಸಿದರು.

ಹೊಸ ಸೀರೆಯುಟ್ಟು, ಗಂಡನ ಮನೆಯ ಹೊಸಿಲಿನ ಮೇಲಿನ ಅಕ್ಕಿಯ ಸೇರು ಒದೆಯಲು ಕಾಲೆತ್ತಿದರೆ, ಸೇರಿನ ಆಚೆ ಕೂತಿದೆ ನಾಯಿ! ಕೆಂಚು ಮೈ, ನಾಲ್ಕು ಕಾಲಿಗೂ ಬಿಳಿ ಕಾಲ್ಚೀಲ ತೊಡಿಸಿದಂತೆ, ಹಣೆಯ ಮೇಲೆ ಬೊಟ್ಟಿನಂಥ ಬಿಳಿ ಚುಕ್ಕೆ. ನಾನು "ಅಮ್ಮಾ!" ಎಂದು ಕಿರುಚಿ ಪಕ್ಕದಲ್ಲಿದ್ದವರನ್ನು ಅಪ್ಪಿಹಿಡಿದೆ. ಪಕ್ಕದಲ್ಲಿದ್ದವರು ನನ್ನ ಗಂಡ. ಬಾಗಿಲಲ್ಲೇ ಗಂಡನನ್ನು ತಬ್ಬಿಕೊಂಡ ಪೇಟೆ ಹುಡುಗಿ ಎಂದು ಊರ ಹೆಂಗಸರು ಎಷ್ಟೋ ಕಾಲ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ಅತ್ತೆ ಮಾತ್ರ ನಗಲಿಲ್ಲ. ನಾಯಿಯ ಪಕ್ಕ ಬಂದು ನಿಂತು, ಹಿರಿಯಳೊಬ್ಬಳ ಪರಿಚಯ ಮಾಡಿಕೊಡುವಂತೆ ಹೇಳಿದರು:

"ಇವ್ಳು ಸಿಂಗಾರಿ ಕಣ್ಮೊಗ. ಈ ಮನ್ಗ ನಿನ್ಗಿಂತ ಮೊದ್ಲು ಬಂದವ್ಳು. ನೀನೇ ಒಸಿ ಒಂದ್ಕಂಡು ಓಗು."

ಗಂಡನ ಊರು ತಮಿಳುನಾಡಿನ ಗಡಿಯೊಳಗೆ, ತಾಳವಾಡಿಗೂ ಜೀರಹಳ್ಳಿಗೂ ನಡುವೆ, ಬಸ್ಸಿನ ರಸ್ತೆಯಿಂದ ಒಳಗೆ. ಮನೆಯ ಹಿಂದೆ ಹೊಲ, ಹೊಲದ ಹಿಂದೆ ಕಾಡು. ಮಾವ ಸಿದ್ದಪ್ಪನವರು ಮಾತಿನಲ್ಲಿ ಮನೆ ನಡೆಸುತ್ತಿದ್ದರು, ಅತ್ತೆ ಕೈಯಲ್ಲಿ. ಜಗಲಿಯ ಮೇಲೆ ಕೂತು ಮಾವ "ಈ ಸಲ ಕೋಸು ಬ್ಯಾಡ, ಆಲೂಗೆಡ್ಡೆ ಆಕವ" ಎಂದು ತೀರ್ಮಾನ ಕೊಡುವ ಹೊತ್ತಿಗೆ ಅತ್ತೆ ಕೋಸಿನ ಸಸಿ ನಾಟಿ ಬಂದು ಕೈ ತೊಳೆಯುತ್ತಿರುತ್ತಿದ್ದರು. ಜಗಳವಿಲ್ಲ, ಎದುರು ಮಾತಿಲ್ಲ. ಎತ್ತರದ ಗಟ್ಟಿ ಹೆಂಗಸು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ಬರುವಾಗ ಹೊರೆ ಅಲುಗುತ್ತಿರಲಿಲ್ಲ. ಅವರ ಹಿಂದೆಯೇ, ಅದೇ ಗತ್ತಿನಲ್ಲಿ, ಸಿಂಗಾರಿ.

ಆ ಮನೆಯ ಊಟದ ನಿಯಮ ನನಗೆ ಮೊದಲ ರಾತ್ರಿಯೇ ಗೊತ್ತಾಯಿತು. ಪ್ರತಿಯೊಬ್ಬರ ತಟ್ಟೆಯ ಕೊನೆಯ ತುತ್ತು ಸಿಂಗಾರಿಯದು. "ಅವ್ಳೂ ಒಲ ಕಾಯ್ತಳೆ. ಕೂಲಿ ಅಂತ ಕೊಡದಿದೊಂದೆಯ" ಎನ್ನುತ್ತಿದ್ದರು ಅತ್ತೆ. ನಾನು ನನ್ನ ತುತ್ತನ್ನು ದೂರದಿಂದ ಎಸೆದು ಒಳಗೆ ಓಡುತ್ತಿದ್ದೆ. ಎಸೆದದ್ದನ್ನು ಸಿಂಗಾರಿ ತಿನ್ನುತ್ತಿರಲಿಲ್ಲ. ಅತ್ತೆ ಅದನ್ನೇ ಎತ್ತಿ ಅವಳ ತಟ್ಟೆಗೆ ಹಾಕಿದರೆ ತಿನ್ನುತ್ತಿದ್ದಳು. ಮರ್ಯಾದೆ ಇಲ್ಲದ ಕೂಲಿ ಅವಳಿಗೆ ಬೇಡವಾಗಿತ್ತು ಎಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಅವಳು ಹೊಲ ಕಾಯುವ ರೀತಿಯೇ ಬೇರೆ. ಹಂದಿ ಬಂದರೆ ಊರು ಎದ್ದು ಕೂರುವಂತೆ ಬೊಗಳುತ್ತಿದ್ದಳು. ಆನೆ ಬಂದರೆ ಉಸಿರೆತ್ತುತ್ತಿರಲಿಲ್ಲ. ಬೇರೆ ನಾಯಿಗಳು ಆನೆಯನ್ನು ಕಂಡು ಬೊಗಳುತ್ತವೆ, ಅದು ಅಟ್ಟಿಸಿಕೊಂಡು ಬಂದರೆ ಹೆದರಿ ನೇರ ಯಜಮಾನನ ಕಾಲ ಬುಡಕ್ಕೆ ಓಡಿಬರುತ್ತವೆ. ಹಿಂದೆಯೇ ಆನೆಯೂ ಬರುತ್ತದೆ. ಹಾಗೆ ಜೀವ ಕಳೆದುಕೊಂಡವರು ನಮ್ಮ ಸುತ್ತಿನಲ್ಲಿ ಇದ್ದರು. ಸಿಂಗಾರಿಗೆ ಯಾರು ಕಲಿಸಿದ್ದರೋ, ಆನೆಯ ವಾಸನೆ ಸಿಕ್ಕರೆ ಬಾಲ ಇಳಿಸಿ ಬಂದು ನಮ್ಮ ದಾರಿಗೆ ಅಡ್ಡ ನಿಂತುಬಿಡುತ್ತಿದ್ದಳು. ಆ ನಾಯಿಯ ಮಾತಿಗೆ ಊರಲ್ಲಿ ಬೆಲೆಯಿತ್ತು.

ಇಂಥವಳಿಂದ ಮನೆಗೆ ಒಂದೇ ತಾಪತ್ರಯ. ವರ್ಷಕ್ಕೆರಡು ಬಾರಿ ಸುತ್ತಲಿನ ಗಂಡುನಾಯಿಗಳೆಲ್ಲ ನಮ್ಮ ಮನೆಯ ಮುಂದೆ ಸಂತೆ ಸೇರುತ್ತಿದ್ದವು. ಕಚ್ಚಾಟ, ಕೂಗಾಟ, ಪಕ್ಕದ ಮನೆಯ ಮಾದಪ್ಪನವರ ಕೋಳಿಗಳಿಗೆ ಕಂಟಕ. ನಾನಂತೂ ಹಿತ್ತಲಿಗೆ ಹೋಗಬೇಕಾದರೂ ಗಂಡನ ಕಾವಲು ಕೇಳುತ್ತಿದ್ದೆ. ಆಮೇಲೆ ಮರಿಗಳು. ಗಂಡು ಮರಿಗೆ ಕಣ್ಣು ಬಿಡುವ ಮೊದಲೇ ಗಿರಾಕಿ. ಹೆಣ್ಣು ಮರಿ ಯಾರಿಗೂ ಬೇಡ. ಮಾವ ಗೋಣಿಚೀಲ ಹಿಡಿದು, "ಕಾಡ್ದಾರಿಲಿ ಬುಟ್ಬತ್ತಿನಿ" ಎಂದು ಏಳುವರು. ಅತ್ತೆ ಚೀಲವನ್ನು ಕೈಯಿಂದ ತೆಗೆದುಕೊಂಡು ರಾಗಿ ತುಂಬಿ ಮೂಲೆಗಿಡುವರು. ಸಂತೆಯ ದಿನ ಅವರೆಕಾಯಿಯ ಕುಕ್ಕೆಯಲ್ಲಿ ಮರಿಯನ್ನೂ ಕೂರಿಸಿಕೊಂಡು ತಾಳವಾಡಿಗೆ ಹೋಗುವರು. ಕಾಯಿ ಕೊಂಡವರಿಗೆ ಮರಿ ಪುಕ್ಕಟೆ. ಅದಕ್ಕೂ ಯಾರೂ ಒಪ್ಪದಿದ್ದರೆ, ಮರಿ ಒಯ್ದವರಿಗೆ ಕಾಯಿ ಪುಕ್ಕಟೆ. ಅಷ್ಟಾದರೂ ಒಂದೆರಡು ಉಳಿಯುತ್ತಿದ್ದವು. ಉಳಿದವನ್ನು ಚಿರತೆ ಹೊತ್ತೊಯ್ಯುತ್ತಿತ್ತು.

ನನ್ನ ಮಗಳು ಹುಟ್ಟಿದ ವರ್ಷ, ಮಳೆಗಾಲ ಕಳೆಯುತ್ತಿದ್ದಂತೆ, ಸಿಂಗಾರಿ ಕೊಟ್ಟಿಗೆಯ ಹಿಂದೆ ಹುಲ್ಲಿನ ಮೆದೆಯ ಬುಡದಲ್ಲಿ ಮೂರು ಮರಿ ಹಾಕಿದಳು. ಒಂದು ಬೆಳಿಗ್ಗೆ ಹಾಲು ಕರೆಯಲು ಹೋದ ಅತ್ತೆಯ ಕೂಗು ಕೇಳಿತು. ಅತ್ತೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲೇ ಇಲ್ಲ. ಕೂಸನ್ನು ಎದೆಗವಚಿಕೊಂಡು ಹಿತ್ತಲ ಬಾಗಿಲಿಗೆ ಬಂದರೆ, ಚಿರತೆಯ ತೊಡೆಗೆ ಸಿಂಗಾರಿ ಹಲ್ಲೂರಿದ್ದಾಳೆ, ಅದು ತಿರುಗಿ ಅವಳ ಕುತ್ತಿಗೆ ಹಿಡಿದಿದೆ. ಅತ್ತೆ ಕೈಯಲ್ಲಿದ್ದ ಹಾಲಿನ ಚೊಂಬನ್ನು ಬೀಸಿ ಒಗೆದರು. ಅದು ಚಿರತೆಯ ಮುಖಕ್ಕೇ ಬಿತ್ತು. ಚಿರತೆ ಕುತ್ತಿಗೆ ಬಿಟ್ಟಿತು, ಆದರೆ ಹೋಗುವಾಗ ಒಂದು ಮರಿಯನ್ನು ಕಚ್ಚಿಕೊಂಡೇ ಹೋಯಿತು. ಇನ್ನೆರಡು ಆಗಲೇ ಸತ್ತಿದ್ದವು.

ಸಿಂಗಾರಿಯನ್ನು ಅತ್ತೆ ಎರಡೂ ತೋಳಲ್ಲಿ ಎತ್ತಿಕೊಂಡು ನಡುಮನೆಗೆ ತಂದರು. ಗಾಯ ತೊಳೆದು ಅರಿಶಿನ ಮೆತ್ತಿದರು. ಬದುಕುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡೆವು. ಬದುಕಿದಳು. ಆದರೆ ಕುಡಿಯುವ ಮರಿಗಳಿಲ್ಲದೆ ಅವಳ ಕೆಚ್ಚಲು ಕಲ್ಲಾಯಿತು. ಅತ್ತೆ ಬಿಸಿನೀರಿನ ಬಟ್ಟೆಯಿಂದ ಕಾವು ಕೊಟ್ಟು ಹಾಲು ಹಿಂಡುತ್ತಿದ್ದರು. ಅವಳು ನರಳುತ್ತಿದ್ದಳು. ಬಾಗಿಲ ಬಳಿ ಕೂತು ಮಗಳಿಗೆ ಹಾಲೂಡಿಸುತ್ತಿದ್ದ ನನಗೆ ಆ ನೋವು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿ ಬಂದು, ಹೆದರುತ್ತಲೇ, ಸಿಂಗಾರಿಯ ತಲೆಯ ಮೇಲೆ ಕೈಯಿಟ್ಟೆ. ಅವಳು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. ಆ ಮನೆಗೆ ಹೋದ ಇಷ್ಟು ಕಾಲದಲ್ಲಿ ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ತಾಳವಾಡಿಯಿಂದ ಡಾಕ್ಟ್ರಮ್ಮ ಬಂದರು. ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಹೊಸದಾಗಿ ಬಂದಿದ್ದ ವಯಸ್ಸಿನ ಹುಡುಗಿ, ಕನ್ನಡವನ್ನು ತಮಿಳಿನ ಕೈ ಹಿಡಿಸಿ ನಡೆಸುತ್ತಿದ್ದರು. ಸಿಂಗಾರಿಯ ಕುತ್ತಿಗೆ ನೋಡಿ, ನಡೆದದ್ದು ಕೇಳಿ, "ಅಮ್ಮಾ, ಗಾಯ ನಲ್ಲಾ ಆರಿದ ಮೇಲೆ ಇದಕ್ಕೆ ಆಪರೇಷನ್ ಮಾಡಿಸಿಬಿಡಿ. ಆಮೇಲೆ ಮರಿ ಇಲ್ಲೆ" ಎಂದರು. ನಾಯಿಗೂ ಆಪರೇಷನ್ ಇರುತ್ತದೆ ಎಂದು ನಮ್ಮೂರು ಕೇಳಿದ್ದು ಆಗಲೇ.

ಸಂಜೆ ಜಗಲಿಯ ಮೇಲೆ ಅದೇ ಮಾತು. ಮಾದಪ್ಪನವರು ವೀಳ್ಯ ಮೆಲ್ಲುತ್ತ, "ಪಾಪ ಕಣಪ್ಪ. ದೇವ್ರು ಕೊಟ್ಟುದ್ದ ಕಿತ್ತಾಕದು ಅಂದ್ರ?" ಎಂದರು. ಮಾವನ ಚಿಂತೆ ದೇವರದಲ್ಲ, ರಾಗಿಯದು.

"ಪಾಪ ಪುಣ್ಯ ಅತ್ಲಾಗಿರ್ಲಿ. ಆಪ್ರೇಸನ್ ಆದ ನಾಯಿ ಕಾಯ್ದದಾ? ತಿನ್ತದ, ಮಲಿಕತದ. ಮೈ ಬಂದು ಸೋಮಾರಿ ಆಯ್ತದ. ಆಗ ಒಲ ಕಾಯವ್ರು ಯಾರು? ಆನೆ ಬಂದ್ರ ಏಳವ್ರು ಯಾರು?"

ನಮ್ಮ ಮನೆಯವರು ಅಪ್ಪನ ಮುಖ ಒಮ್ಮೆ, ಒಳಬಾಗಿಲು ಒಮ್ಮೆ ನೋಡಿ, "ಯೋಚ್ನೆ ಮಾಡವ" ಎಂದರು. ಯಾವ ಪಕ್ಷಕ್ಕೂ ಸೇರದ ಈ ಮಾತು ಅವರ ಹುಟ್ಟುಗುಣ.

ಅತ್ತೆ ಒಳಗಿನಿಂದ ಹಿಟ್ಟಿನ ಕೋಲು ಹಿಡಿದೇ ಬಾಗಿಲಿಗೆ ಬಂದರು. ದನಿ ಏರಿಸಲಿಲ್ಲ.

"ಆಪ್ರೇಸನ್ ಆದವ್ರು ಸೋಮಾರಿ ಆದಾರ? ನಂಗೂ ಆಗದಲ್ಲ, ಮರ್ತ್ರಾ? ಅದಾದ್ಮೇಲೆ ಯಾವತ್ತಾದ್ರೂ ನಿಮ್ಗ ಇಟ್ಟಿಕ್ದೆ ಬುಟ್ಟಿದ್ನಾ? ಒಲಕ್ಕ ಓಗ್ದೆ ಮಲಿಕಂಡಿದ್ನಾ?"

ಮಾದಪ್ಪನವರು ವೀಳ್ಯ ಉಗುಳಲು ಎದ್ದು ಹೋದವರು ಮರಳಿ ಬರಲಿಲ್ಲ. ಮಾವ ಬೀಡಿ ಹಚ್ಚಲು ಗೀರಿದ ಕಡ್ಡಿ ಬೆರಳು ಸುಡುವ ತನಕ ಉರಿಯಿತು. ನಾನು ಒಲೆಯ ಮುಂದೆ ಕೂತು ಸೊಪ್ಪಿನ ಸಾರು ಕದಡುತ್ತ, ಸೊಸೆಯಾದವಳು ಇಂಥ ಹೊತ್ತಿನಲ್ಲಿ ನಗಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ.

ಗೆದ್ದಾಯಿತಲ್ಲ, ನಾಳೆಯೇ ಹೊರಡುತ್ತಾರೆ ಎಂದುಕೊಂಡೆ. ಅತ್ತೆ ಹೊರಡಲಿಲ್ಲ. ಮಾವನ ಮಾತಿಗೆ ಉತ್ತರ ಕೊಟ್ಟಿದ್ದರೇ ಹೊರತು ತಮ್ಮ ಮನಸ್ಸಿಗೆ ಕೊಟ್ಟುಕೊಂಡಿರಲಿಲ್ಲ. ಮೊರದಲ್ಲಿ ಹುರುಳಿ ಹಸನು ಮಾಡುತ್ತ ಒಂದು ದಿನ ನನಗೆ ಹೇಳಿದರು:

"ಮರಿಗೋಸ್ಕರ ಕುತ್ಗೆ ಕೊಟ್ಟವ್ಳು ಕಣವ್ವ ಇವ್ಳು. ಇನ್ಮೇಲೆ ನಿಂಗ ಮರೀನೇ ಬ್ಯಾಡ ಅನ್ನಕ ನಾ ಯಾರು? ಬಾಯಿದ್ದಿದ್ರ ಕೇಳ್ಬೋದಾಗಿತ್ತು."

"ಕೇಳಿದ್ರೆ ಏನಂತಿದ್ಲು ಅತ್ತೆ?" ಎಂದೆ.

"ಅದೇ ಗೊತ್ತಾಯ್ತಿಲ್ವಲ್ಲ."

ಓದಿಕೊಂಡವಳು, ಪೇಟೆಯವಳು ಎಂದು ಅವರು ನನ್ನಿಂದ ಏನಾದರೂ ಉತ್ತರ ನಿರೀಕ್ಷಿಸಿದ್ದರೇನೋ. ನಾನು ಹುರುಳಿಯಲ್ಲಿ ಕಲ್ಲು ಹುಡುಕುವುದರಲ್ಲಿ ತುಂಬಾ ಆಸಕ್ತಿ ತೋರಿಸಿದೆ.

ಗಾಯ ಮಾಗಿ, ಹಾಲು ಬತ್ತಿ, ಸಿಂಗಾರಿ ಓಡಾಡತೊಡಗಿದಳು. ಒಂದು ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಗುಡಿಸಲು ಹೋದ ಅತ್ತೆ ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಮೆದೆಯ ಬುಡದಲ್ಲಿ ಕೂತಿದ್ದರು. ಮರಿಗಳಿದ್ದ ಅದೇ ಜಾಗದಲ್ಲಿ ಸಿಂಗಾರಿ ಮತ್ತೆ ಹೊಸದಾಗಿ ಗುಂಡಿ ಕೆರೆದಿದ್ದಳು. ಒಳಗೆ ಎಲ್ಲಿಂದಲೋ ತಂದ ಹರಕು ಚಿಂದಿ. ಅದನ್ನು ನೆಕ್ಕುತ್ತ ಮಲಗಿದ್ದಳು. ಅತ್ತೆ ಅವಳನ್ನೇ ನೋಡುತ್ತ, "ಇವ್ಳು ಇನ್ನೊಂದ್ಸಲನೂ ಕುತ್ಗೆ ಕೊಡ್ತಳ. ಇವ್ಳ ಕೈಲಿ ಕೊಡ್ದೆ ಇರಕಾಗದಿಲ್ಲ" ಎಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದರು. "ನಂಗ ಇವ್ಳು ಬೇಕು ಕಣವ್ವ. ನಡಿ, ಓಗವ."

"ನಾನಾ?" ಎಂದೆ.

"ಇನ್ಯಾರು? ನಿಮ್ಮಾವ ಬತ್ತರಾ?"

ಮಗಳನ್ನು ಗಂಡನ ಕೈಗೆ ಕೊಟ್ಟೆವು. ಸಾಯಂಕಾಲದವರೆಗೆ ರಾಗಿ ಸರಿ ಕುಡಿಸಿ ನೋಡಿಕೊಳ್ಳಬೇಕು ಎಂದು ಅತ್ತೆ ಅಪ್ಪಣೆ ಮಾಡಿದರು. ಅವರು "ಯೋಚ್ನೆ ಮಾಡವ" ಎನ್ನುವ ಮೊದಲೇ ನಾವು ರಸ್ತೆಯಲ್ಲಿದ್ದೆವು. ಕಂಡಕ್ಟರ್ ನಾಯಿಯನ್ನು ಬಸ್ಸಿಗೆ ಹತ್ತಿಸಲಿಲ್ಲ. ಹಿಂದೆ ಬಂದ ಕೋಸಿನ ಟೆಂಪೋದವನು ಊರಿನ ಪರಿಚಯದವನು, ಹಿಂದೆ ಕೂರಿ ಎಂದ. ಕೋಸಿನ ಗುಡ್ಡೆಯ ಮೇಲೆ ಅತ್ತೆ ಅಂಬಾರಿಯಲ್ಲಿ ಕೂತಂತೆ ಕೂತರು. ಹಿಡಿತವಿಲ್ಲದೆ ನಾನು ಪ್ರತಿ ತಿರುವಿನಲ್ಲೂ ಕೋಸಿನ ಜೊತೆ ಉರುಳುತ್ತಿದ್ದೆ. ಹಳ್ಳವೊಂದು ದಾಟುವಾಗ ಸಿಂಗಾರಿ ಎದ್ದು ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಕಿರುಚಲಿಲ್ಲ. ಕಿರುಚಿದರೂ ತಬ್ಬಿಕೊಳ್ಳಲು ಅಲ್ಲಿದ್ದದ್ದು ಕೋಸು ಮಾತ್ರ.

ಆ ವರ್ಷಗಳಲ್ಲಿ ಕಾಡುಗಳ್ಳರನ್ನು ಹಿಡಿಯಲೆಂದು ನಮ್ಮ ಕಾಡಿನ ದಾರಿಗಳಲ್ಲಿ ತಮಿಳುನಾಡು ಪೊಲೀಸರ ತಪಾಸಣೆ ಜೋರು. ಕೈ ಅಡ್ಡ ಹಾಕಿ ಟೆಂಪೋ ನಿಲ್ಲಿಸಿದ ಪೊಲೀಸಿನವನು ಕೋಸಿನ ನಡುವೆ ಅಲುಗಿದ್ದನ್ನು ಕಂಡು ಬಂದೂಕು ಸರಿಮಾಡಿಕೊಂಡ. "ಉಳ್ಳೆ ಎನ್ನ?" ಒಳಗೇನು ಎಂದು ಅವನ ಪ್ರಶ್ನೆ.

"ನಾಯಿ ಸಾಮಿ," ಎಂದರು ಅತ್ತೆ. "ಆಪ್ರೇಸನ್ಗ ಕರ್ಕಂಡೋಯ್ತಿವಿ."

"ಎನ್ನ ಆಪರೇಷನ್?"

ಅತ್ತೆ ಸುತ್ತ ನೋಡಿದರು. ಎದುರಿನ ಗೋಡೆಯ ಮೇಲೆ ಸರ್ಕಾರದವರು ಬರೆಸಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು. ಅತ್ತ ಕೈ ತೋರಿಸಿ, "ಅದೇಯ" ಎಂದರು. ಅವನು ತಿರುಗಿ ನೋಡಿದ. ಗಂಟು ಹಾಕಿಕೊಂಡಿದ್ದ ಮುಖ ಸಡಿಲವಾಯಿತು. "ಏಯ್, ಕುಡುಂಬ ಕಟ್ಟುಪ್ಪಾಡು!" ಎಂದು ಜೊತೆಯವರಿಗೆ ಕೂಗಿ ಹೇಳಿ ನಕ್ಕ. ಅವರೆಲ್ಲ ಬಂದು ಸಿಂಗಾರಿಯನ್ನು ನೋಡಿಹೋದರು. ಸಿಂಗಾರಿ ಯಾರನ್ನೂ ಲೆಕ್ಕಕ್ಕಿಡಲಿಲ್ಲ.

ತಾಳವಾಡಿಯ ದನದ ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ನಮ್ಮನ್ನು ಕಂಡು ಸಂತೋಷಪಟ್ಟರು, ಆಮೇಲೆ ಸಿಂಗಾರಿಯನ್ನು ಮುಟ್ಟಿ ನೋಡುತ್ತ ಗಂಭೀರವಾದರು. ಮುಚ್ಚುಮರೆ ಮಾಡದೆ ಹೇಳಿದರು. ಹೊಟ್ಟೆ ಕೊಯ್ದು ಮಾಡುವ ಕೆಲಸ. ಓದುವಾಗ ಮಾಡಿದ್ದೇನೆ, ಇಲ್ಲಿ ಇದೇ ಮೊದಲು. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟಮೇಲೆ ಒಂದೊಂದು ನಾಯಿ ಏಳದೆಯೂ ಹೋಗಬಹುದು. ನೀವೇ ಯೋಚಿಸಿ ಹೇಳಬೇಕು.

ಅತ್ತೆಯ ಮುಖ ಇಳಿಯಿತು. ಇಷ್ಟು ದೂರ ಬಂದಮೇಲೆ ಮತ್ತೆ ಮೊದಲಿನಿಂದ ತೂಗಬೇಕು. ಕೊನೆಗೆ ಕೇಳಿದರು: "ನಿಮ್ಮನೆ ನಾಯಿ ಆಗಿದ್ರ ಏನ್ಮಾಡಿರಿ ತಾಯಿ?"

ಡಾಕ್ಟ್ರಮ್ಮ ನಿಜವಾಗಿಯೂ ತಮ್ಮ ಮನೆಯ ನಾಯಿಯನ್ನು ನೆನೆದಂತೆ ಕಿಟಕಿಯಾಚೆ ನೋಡಿ, "ಭಯಪಟ್ಟುಕೊಂಡೇ ಮಾಡ್ತಿದ್ದೆ ಅಮ್ಮಾ" ಎಂದರು.

ಆ ಉತ್ತರ ಅತ್ತೆಗೆ ಹಿಡಿಸಿತು. ಭಯವಿಲ್ಲ ಎಂದಿದ್ದರೆ ನಾಯಿಯನ್ನು ವಾಪಸ್ ಕರೆದೊಯ್ಯುತ್ತಿದ್ದರು ಎಂದು ಆಮೇಲೆ ನನಗೆ ಹೇಳಿದರು. ಸಿಂಗಾರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಆಚ್ಗೇ ಇರ್ತಿನಿ ಕಣ. ಎಲ್ಲೂ ಓಗದಿಲ್ಲ" ಎಂದು ಹೇಳಿ ಒಳಗೆ ಕಳಿಸಿದರು.

ಆಸ್ಪತ್ರೆಯ ಮುಂದಿನ ಹೊಂಗೆ ಮರದ ಕೆಳಗೆ ಕೂತೆವು. ಬಿಸಿಲು ಏರಿತು. ಎದುರಿಗೆ ಟೀ ಅಂಗಡಿಯಿತ್ತು, ಗಂಟಲು ಒಣಗಿತ್ತು. "ಒಂದು ಲೋಟ ಟೀ ಕುಡ್ಕೊಂಡು ಬರೋಣ್ವಾ ಅತ್ತೆ?" ಎಂದೆ.

"ನೀ ಓಗ್ಬಾ ಮೊಗ. ನಾ ಏಳಲ್ಲ."

ನಾನೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ತೆಗೆದರು, ಬಾಗಿಲಿನಿಂದ ಕಣ್ಣು ಕೀಳದೆ.

"ನಿನ್ ಗಂಡ ಆದ್ಮೇಲೆ ಇನ್ನೆರ್ಡು ಆದೊ, ಬದುಕ್ನಿಲ್ಲ. ಆಮೇಲೆ ಒಂದಿನ ನಿಮ್ಮಾವ 'ಬಾ' ಅಂದ್ರು, ನಡ್ದಿ. ಎಲ್ಗ ಅಂತ ದಾರಿಲಿ ಗೊತ್ತಾತು. ಇಸ್ಕೂಲ್ ಜಗ್ಲಿ ಮ್ಯಾಲ ಸಾಲಾಗಿ ಮಲ್ಗುಸಿದ್ರು ನಮ್ಮುನ್ನ. ಕಣ್ ಬುಟ್ಟಾಗ ನೋಡ್ತಿನಿ, ಗುರ್ತಿರವ್ರು ಒಬ್ರೂ ಇಲ್ಲ. ನಿಮ್ಮಾವ ಟೀ ಕುಡಿಯಕ ಓಗಿದ್ರಂತ. ಸತ್ತೋಗಿ ಇನ್ನೆಲ್ಗೋ ಬಂದ್ಬುಟ್ನೇನೋ ಅಂದ್ಕಂಡಿ."

ಅವರೇ ನನ್ನ ಮುಖ ನೋಡಿ ನಕ್ಕರು.

"ತೆಪ್ಪು ಅಂತ ಏಳ್ತಿಲ್ಲ ಕಣವ್ವ. ಆಪ್ರೇಸನ್ ಆದ್ದು ಒಳ್ಳೇದೇ ಆತು, ಮೈಯಾರ ಉಳೀತು. ಕಣ್ ಬುಟ್ಟಾಗ ಒಂದ್ ಗುರ್ತಿನ ಮೊಕ ಇರ್ಬೇಕಾಗಿತ್ತು, ಅಷ್ಟೆ. ನಂಗ ಯಾರೂ ಕೂತಿರ್ನಿಲ್ಲ. ಇವ್ಳ್ಗ ನಾ ಇವ್ನಿ."

ಮೂರು ಹೆತ್ತ, ಮನೆ ಹೊಲ ಎರಡನ್ನೂ ಹೊತ್ತ ಆ ಹೆಂಗಸು ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕಹಿಯಿರಲಿಲ್ಲ ಆ ದನಿಯಲ್ಲಿ. ತನಗಾಗದ್ದನ್ನು ಇನ್ನೊಂದು ಜೀವಕ್ಕೆ ಮಾಡಿಕೊಡಲು ಸಿಕ್ಕಿತಲ್ಲ ಎಂಬ ಸಮಾಧಾನ ಮಾತ್ರ ಇತ್ತು. ಅವರ ಪಕ್ಕದಲ್ಲಿ ಕೂತಿರಲು ನನಗೆ ಹೆಮ್ಮೆಯಾಯಿತು. ಅವರ ಸೆರಗಿಗೆ ಅಂಟಿದ್ದ ಕೋಸಿನ ಎಲೆಯ ಚೂರು ತೆಗೆದುಹಾಕಿದೆ.

ಡಾಕ್ಟ್ರಮ್ಮ ಬಾಗಿಲಿಗೆ ಬಂದಾಗ ಅವರ ಹಣೆಯ ಬೆವರು ಕಣ್ಣಿಗಿಳಿದಿತ್ತು. "ಆಯ್ತು. ಇನ್ನು ಏಳಬೇಕು" ಎಂದರು. ಸಿಂಗಾರಿ ನಾಲಿಗೆ ಹೊರಚಾಚಿ ಗೋಣಿಯ ಮೇಲೆ ಮಲಗಿದ್ದಳು. ಅತ್ತೆ ನೆಲದ ಮೇಲೆ, ಅವಳ ಮೂಗಿನ ಎದುರಿಗೇ ಕೂತರು. ಡಾಕ್ಟ್ರಮ್ಮ ಕೈಗಡಿಯಾರ ನೋಡುತ್ತ ಓಡಾಡಿದರು. ಬರಬರುತ್ತ ಅವರು ಗಡಿಯಾರ ನೋಡುವುದನ್ನು ನಿಲ್ಲಿಸಿದಾಗ ನನಗೆ ಹೆದರಿಕೆಯಾಯಿತು. ಅತ್ತೆ ಮಾತ್ರ ಒಂದೇ ಸಮನೆ, ಕೂಸನ್ನು ಎಬ್ಬಿಸುವ ದನಿಯಲ್ಲಿ, "ಸಿಂಗಾರೀ, ಸಿಂಗಾರೀ" ಎನ್ನುತ್ತಿದ್ದರು. ಮೊದಲು ಒಂದು ಕಿವಿ ಅಲುಗಿತು. ಆಮೇಲೆ ರೆಪ್ಪೆ ಅರ್ಧ ತೆರೆಯಿತು. ಎದುರಿಗಿದ್ದ ಮುಖವನ್ನು ಬಹಳ ಹೊತ್ತು ನೋಡಿ, ಬಾಲದ ತುದಿಯನ್ನು ನೆಲಕ್ಕೆ ತಟ್ಟಿದಳು. ಡಾಕ್ಟ್ರಮ್ಮ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು.

ಮನೆಗೆ ಬಂದಮೇಲೆ ಹೊಲಿಗೆ ಮಾಯುವವರೆಗೂ ಸಿಂಗಾರಿ ನಡುಮನೆಯಲ್ಲೇ. ಅವಳ ತಟ್ಟೆ ಇಡುವ ಕೆಲಸ ನನ್ನದಾಯಿತು. ಎಸೆಯದೆ, ಕೂತು, ಕೈಯಾರೆ. ತಿಂದಳು. ತಿಂದು ಮಲಗಿದಳು, ಮಲಗಿ ಎದ್ದು ಮತ್ತೆ ತಿಂದಳು. ಮೈ ತುಂಬಿಕೊಂಡಳು. ಮಾವನಿಗೆ ಅದನ್ನು ನೋಡುವುದೇ ಒಂದು ಸುಖ. "ನೋಡ್ದ್ರಾ? ನಾ ಏಳ್ನಿಲ್ವಾ? ಮಾದೇಸ್ವರನ ಗುಡ್ಡದಂಗ ಬಿದ್ದವ್ಳೆ" ಎಂದು ಹಾದುಹೋಗುವಾಗಲೆಲ್ಲ ಹೇಳುವರು. ಅತ್ತೆಗೂ ಒಳಗೊಳಗೆ ಅಳುಕಿತ್ತು ಎಂದು ನನಗೆ ಗೊತ್ತು. ಸಿಂಗಾರಿ ಮತ್ತೆ ಹೊಲದ ಕಡೆ ಹೊರಟ ದಿನ ಅವರು ಬೇಲಿಯ ಬಳಿ ನಿಂತು ಅವಳು ಕಣ್ಮರೆಯಾಗುವವರೆಗೆ ನೋಡಿದರು.

ಮುಂದಿನ ಮಳೆಗೆ ಬಿತ್ತಿದ ರಾಗಿ ತೆನೆ ಕಟ್ಟಿತು. ಒಂದು ಸಂಜೆ, ಬೆಳಕಿರುವಾಗಲೇ, ಮಾವ ಮೇಯಲು ಬಿಟ್ಟಿದ್ದ ಹಸುವನ್ನು ಹೊಡೆದುಕೊಂಡು ಬರಲು ಜೋಳದ ಹೊಲದ ಬದಿಯ ದಾರಿಯಲ್ಲಿ ಹೋದರು. ಹಿಂದೆ ಸಿಂಗಾರಿ. ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದವಳು ನೋಡುತ್ತಿದ್ದೆ. ಜೋಳದ ಹೊಲ ತಿರುಗುವಲ್ಲಿ ಸಿಂಗಾರಿ ಓಡಿ ಮುಂದೆ ಹೋಗಿ ಮಾವನಿಗೆ ಅಡ್ಡ ನಿಂತಳು. ಮಾವ "ಅತ್ಲಾಗೋಗು" ಎಂದು ಕೋಲೆತ್ತಿದರು. ಅವಳು ಕದಲಲಿಲ್ಲ, ಬೊಗಳಲೂ ಇಲ್ಲ. ಬಾಲ ಇಳಿದಿತ್ತು. ಮಾವ ಕಾಲಿನಿಂದ ತಳ್ಳಿದರು. ಅವಳು ಅವರ ಪಂಚೆಯ ಅಂಚು ಕಚ್ಚಿ ಹಿಡಿದಳು. ಅಷ್ಟರಲ್ಲಿ ಮುಂದಿನ ಜೋಳದ ದಂಟುಗಳು ಬಾಗಿ, ನಡುವಿನಿಂದ ಒಂಟಿ ಸಲಗದ ತಲೆ ಹೊರಬಂತು. ಎಷ್ಟು ಹತ್ತಿರವೆಂದರೆ ಸಿಂಗಾರಿ ತಡೆಯದಿದ್ದರೆ ಮಾವ ಅದರ ಸೊಂಡಿಲಿಗೆ ಸಿಕ್ಕಿರುತ್ತಿದ್ದರು. ಮಾವ ಹಿಂದೆ ಹಿಂದೆ ಹೆಜ್ಜೆಯಿಟ್ಟರು. ಸಿಂಗಾರಿಯೂ ಅವರ ಕಾಲಿಗಂಟಿಕೊಂಡೇ ಹಿಂದೆ ಸರಿದಳು. ಸಲಗ ಕಿವಿ ಬಿಚ್ಚಿ ನಿಂತು, ನೋಡಿ, ದಂಟು ಕಿತ್ತುಕೊಂಡು ಕಾಡಿನತ್ತ ತಿರುಗಿತು.

ಮಾವ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತರು. ಅತ್ತೆ ನೀರು ಕೊಟ್ಟರು. "ಎಂಗಾತು?" ಎಂದು ಕೇಳಲಿಲ್ಲ. ಕೇಳಬೇಕಾದ ಅಗತ್ಯವಿರಲಿಲ್ಲ. ಪಂಚೆಯ ಅಂಚು ಹರಿದು ನೇತಾಡುತ್ತಿತ್ತು.

ಮಾರನೆಯ ದಿನದಿಂದ ಮಾವನ ಬಾಯಿ ತೆರೆಯಿತು. ಊರ ಮುಂದಿನ ಅಂಗಡಿಯಲ್ಲಿ, ಬಾವಿಯ ಹತ್ತಿರ, ಸಂತೆಯಲ್ಲಿ, ಎಲ್ಲೆಲ್ಲೂ ಅದೇ ಕಥೆ. ಹೇಳಿದಷ್ಟೂ ಆನೆ ದೊಡ್ಡದಾಯಿತು. ಅದು ಸಹಜ. ಆದರೆ ಕಥೆಯ ಆರಂಭವೂ ಬದಲಾಯಿತು. "ನಾಯ್ಗ ಆಪ್ರೇಸನ್ ಮಾಡ್ಸುದ್ರ ಏನೂ ಆಗದಿಲ್ಲ ಕಣ್ಲಾ. ಬುದ್ಧಿ ಇನ್ನೂ ಚುರುಕಾಯ್ತದ. ಅದ್ಕೇ ನಾ ಮಾಡ್ಸುದ್ದು" ಎಂದು ಅವರು ಮಾದಪ್ಪನವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ನಾನು ಕೊಡ ಇಳಿಸಿ ಒಳಗೆ ಓಡಿದೆ.

"ಅತ್ತೆ, ಕೇಳಿದ್ರಾ? ಮಾವನೇ ಮಾಡಿಸಿದ್ದಂತೆ! ಹೋಗಿ ಹೇಳಿ ನೀವು!"

ಅತ್ತೆ ಮೆಣಸಿನಕಾಯಿ ಹುರಿಯುತ್ತಿದ್ದರು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನಕ್ಕರು.

"ಏಳ್ಕಳ್ಳಿ ಬುಡವ್ವ. ನಾ ಏಳುದ್ರ ಮಾದಪ್ಪ ಕೇಳನಾ? ಅವ್ರು ಏಳುದ್ರ ಕೇಳ್ತನ. ಅವನ್ಮನೆ ನಾಯೂ ಎಣ್ಣೇ ಅಲ್ವಾ?"

ಹಾಗೆಯೇ ಆಯಿತು. ಪಾಪ ಎಂದಿದ್ದ ಮಾದಪ್ಪನವರು ತಮ್ಮ ನಾಯಿಯನ್ನು ಆಪರೇಷನ್‌ಗೆ ಕಳಿಸಲು ಒಪ್ಪಿದರು. ಆಚೆ ಬೀದಿಯವರೊಬ್ಬರು ತಮ್ಮದನ್ನೂ ತಂದು ಕಟ್ಟಿದರು. ಇಬ್ಬರಿಗೂ ಮುಂದಾಳು ಬೇರೆ ಯಾರು? ಮಾವ ಬಿಳಿ ಪಂಚೆಯುಟ್ಟು, ಹೆಗಲಿಗೆ ಟವೆಲ್ ಹಾಕಿ, ಎರಡು ಹಗ್ಗವನ್ನೂ ಒಂದೇ ಕೈಯಲ್ಲಿ ಸುತ್ತಿಕೊಂಡು ಕೋಸಿನ ಟೆಂಪೋ ಹತ್ತಿದರು. ನೋಡಲು ಅರ್ಧ ಬೀದಿ ಸೇರಿತ್ತು. ಟೆಂಪೋ ಹೊರಡಲು ಸದ್ದು ಮಾಡಿದಾಗ ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ನೋಡಿ, ಅಲ್ಗೋಗಿ ಟೀ ಗೀ ಅಂತ ಎದ್ದೋಗ್ಬುಟ್ಟೀರಿ. ಅದ್ಗಳು ಕಣ್ ಬುಡಗಂಟ ಅಲ್ಲೇ ಕೂತಿರ್ಬೇಕು."

ಜನ ನಕ್ಕರು. ಮಾವ ನಗಲಿಲ್ಲ. ಕೋಸಿನ ಮೇಲೆ ಕೂತವರು ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಂಡು, ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದರು. ಎಷ್ಟೋ ವರ್ಷ ಹಿಂದಿನ ಒಂದು ಶಾಲೆಯ ಜಗಲಿ ಅವರಿಗೂ ನೆನಪಿತ್ತು ಎಂದು ನನಗೆ ಆಗ ಗೊತ್ತಾಯಿತು.

"ಕೂತಿರ್ತಿನಿ ಕಣಮ್ಮಿ," ಎಂದರು ಮೆಲ್ಲಗೆ. "ಎದ್ದೋಗದಿಲ್ಲ."